ಟೀ ಗಾಡಿ ಪೊಲೀಸ್ ಗಾಡಿಯಾದ ಮೇಲೆ

ನಾನು ಮೂವತ್ತು ವರ್ಷ ಟೀ ಮಾರಿದೆ. ಸರಿಯಾಗಿ ಹೇಳಬೇಕೆಂದರೆ, ಮೊದಲ ಏಳೆಂಟು ವರ್ಷ ಮಾರಲಿಲ್ಲ, ಪುಕ್ಕಟೆ ಕುಡಿಸಿದೆ. ಹಾಸನ ಸೀಮೆಯಲ್ಲಿ ಆಗ ಟೀ ಎಂದರೆ ಏನೆಂದು ಗೊತ್ತಿದ್ದವರು ಪೇಟೆಯವರು, ಅದೂ ನಾಲ್ಕು ಜನ. ಹಳ್ಳಿಯವರಿಗೆ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮಜ್ಜಿಗೆ. ಅವರ ನಾಲಿಗೆಗೆ ಟೀ ರುಚಿ ಹತ್ತಿಸುವುದೇ ನನ್ನ ಉದ್ಯೋಗ. ಮಾರಾಟದ ಕೆಲಸಕ್ಕೆ ಸೇರುವ ಈಗಿನ ಹುಡುಗರು ನನ್ನ ಹತ್ತಿರ ಬಂದು, "ಗಿರಾಕಿ ಬೇಡ ಅಂದರೆ ಏನು ಮಾಡಬೇಕು ತಾತ?" ಎಂದು ಕೇಳುತ್ತಾರೆ. ಗಿರಾಕಿ ಬೇಡ ಎನ್ನುವುದರಲ್ಲಿ ಎರಡು ಬಗೆ ಇವೆ. ಸರಕು ಬೇಡ ಎನ್ನುವುದು ಒಂದು, ನೀನು ಬೇಡ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದು ನನಗೆ ಆರು ತಿಂಗಳಲ್ಲಿ ಸಿಕ್ಕಿತು. ಎರಡನೆಯದನ್ನು ಕಲಿಯಲು ಚಲೇಜಾವ್ ಚಳವಳಿ ಬರಬೇಕಾಯಿತು.

ಮೂವತ್ತರ ದಶಕದ ನಡುವಿನಲ್ಲಿ ನಾನು ಸೇರಿದಾಗ ಕಂಪನಿ ಕೊಟ್ಟದ್ದು ಒಂದು ನೀಲಿ ಕೋಟು, ಒಂದು ಎತ್ತಿನ ಗಾಡಿ, ಎರಡು ಹಿತ್ತಾಳೆ ಹಂಡೆ, ಮತ್ತೆ ಅಚ್ಚು ಹಾಕಿಸಿದ ನಿಯಮಗಳ ಒಂದು ಹಾಳೆ. ಕಂಪನಿ ಬಿಳಿಯರದು. ಅದರ ತೋಟಗಳು ಎಲ್ಲೆಲ್ಲಿ ಇದ್ದವೋ ನಾನು ಕಂಡವನಲ್ಲ. ನಿಯಮದ ಪ್ರಕಾರ ನೀರು ಕುದಿಸಿ, ಪಾತ್ರೆಯಲ್ಲಿ ಟೀ ಸೊಪ್ಪು ಹಾಕಿ ಮುಚ್ಚಿ, ಐದು ನಿಮಿಷ ಕಾದು, ಸೋಸಿ, ಹಾಲು ಸಕ್ಕರೆ ಬೇರೆ ಬೇರೆ ಬೆರೆಸಿ ಕೊಡಬೇಕು. ಚನ್ನರಾಯಪಟ್ಟಣದ ಸಂತೆಯಲ್ಲಿ ನಾನು ಹಾಗೇ ಮಾಡಿ ಕೊಟ್ಟೆ. ಬಾಗೂರಿನಿಂದ ಬಂದಿದ್ದ ಒಬ್ಬ ಅಜ್ಜ ಒಂದು ಗುಟುಕು ಕುಡಿದು ಪಕ್ಕಕ್ಕೆ ಉಗಿದ.

"ಇದೇನ್ಲಾ ಗೌಡ, ಬಾಣಂತಿ ಕಷಾಯ್ವಾ? ಬೆಲ್ಲ ಆಕ್ಲಾ!"

ಗಿರಾಕಿಯ ಮಾತು ಮೀರಬಾರದೆಂದು ಮುಂದಿನ ಸಂತೆಗೆ ಬೆಲ್ಲ ತಂದೆ. ನೀರು, ಹಾಲು, ಸೊಪ್ಪು, ಬೆಲ್ಲ ಎಲ್ಲವನ್ನೂ ಒಂದೇ ಹಂಡೆಗೆ ಸುರಿದು ಕುದಿಸಿದೆ. ಸುತ್ತ ಎಪ್ಪತ್ತು ಎಂಬತ್ತು ಜನ ನಿಂತು ನೋಡುತ್ತಿದ್ದಾರೆ, ಹಾಲು ಒಡೆದು ಹಂಡೆಗೆ ಹಂಡೆಯೇ ಗಿಣ್ಣಾಯಿತು. "ಟೀ ಒಡ್ದೋಯ್ತು ಕಣ್ರಲಾ!" ಎಂದು ಸಂತೆಗೆ ಸಂತೆಯೇ ನಕ್ಕಿತು. ಸೊಪ್ಪು ಮಾರುತ್ತಿದ್ದ ಒಬ್ಬಾಕೆ ಎದ್ದು ಬಂದು, "ಒಲೆ ಮ್ಯಾಲಿಂದ ಇಳ್ಸಿ ಆಮ್ಯಾಕೆ ಆಲು ಉಯ್ಯಪ್ಪ, ಪಾಯ್ಸ ಮಾಡಿದ್ದು ನೋಡಿಲ್ವಾ ನೀನು?" ಎಂದಳು. ಅಂದಿನಿಂದ ಹಾಗೇ ಮಾಡಿದೆ. ಮೂರನೆಯ ಸಂತೆಗೆ ಎರಡು ಹಂಡೆ ಸಾಲದಾಯಿತು.

ನಮ್ಮ ಹಾಸನದ ಡಿಪೋ ಮ್ಯಾನೇಜರು ಶ್ರೀಪಾದರಾಯರು ಇದನ್ನು ಕೇಳಿ ಕೆಂಡವಾದರು. ನಿಯಮದ ಹಾಳೆಯನ್ನು ನನ್ನ ಮುಂದೆ ಹಿಡಿದು, "ಇದರಲ್ಲಿ ಬೆಲ್ಲ ಎಲ್ಲಿದೆ ತೋರಿಸಯ್ಯ" ಎಂದರು. ನಾನು, "ಇದರಲ್ಲಿ ಬಾಗೂರಿನೋರು ಎಲ್ಲವ್ರೆ ತೋರ್ಸಿ ಸಾ" ಎಂದೆ. ಎಂಟು ದಿನ ನನ್ನೊಡನೆ ಮಾತು ಬಿಟ್ಟರು. ಆದರೆ ದೊಡ್ಡಗದ್ದವಳ್ಳಿ, ಕಟ್ಟಾಯದ ಕಡೆಯಿಂದ ಟೀ ಪೊಟ್ಟಣಕ್ಕೆ ಬೇಡಿಕೆ ಬರತೊಡಗಿದಾಗ ಬೆಲ್ಲದ ಮಾತು ಅಲ್ಲಿಗೇ ಮುಚ್ಚಿಹೋಯಿತು. ನನ್ನ ಪಾಲಿನ ನಾಲ್ಕೂ ತಾಲೂಕಿನಲ್ಲಿ ನನಗೆ "ಟೀ ಗೌಡ" ಎಂಬ ಹೆಸರು ನಿಂತಿತು. ನನ್ನ ಹೆಸರು ಕಾಳೇಗೌಡ ಎಂಬುದನ್ನು ಜನ ಮರೆತೇ ಬಿಟ್ಟರು.

ಆಮೇಲೆ ಎತ್ತಿನ ಗಾಡಿ ಹೋಗಿ ಮೋಟಾರು ವ್ಯಾನು ಬಂತು. ಎರಡೂ ಮಗ್ಗುಲಲ್ಲಿ ಆಳೆತ್ತರದ ಒಂದು ಟೀ ಕಪ್ಪಿನ ಚಿತ್ರ, ಅದರಿಂದ ಏಳುವ ಹಬೆ, ಮೇಲೆ ದಪ್ಪ ಅಕ್ಷರದಲ್ಲಿ ಕಂಪನಿಯ ಹೆಸರು. ಬಾಷಾ ಸಾಬರು ಡ್ರೈವರು. ಒಳಗೆ ಗ್ರಾಮಫೋನು. ವ್ಯಾನು ಊರ ಮುಂದೆ ನಿಂತರೆ ಸಾಕು, ಲೋಟ ಹಿಡಿದು ಬರುತ್ತಿದ್ದರು. ಆ ಗಾಡಿಯ ಮೇಲೆ ನನಗೆ ಇದ್ದಷ್ಟು ಹೆಮ್ಮೆ ನನ್ನ ಹೊಲದ ಮೇಲೂ ಇರಲಿಲ್ಲ.

ಹೊಳೆನರಸೀಪುರದಲ್ಲಿ ನಮ್ಮ ಸರಕು ಇಡುತ್ತಿದ್ದವರು ಗುರುಸಿದ್ದಪ್ಪ ಸಾಹುಕಾರರು. ಪೇಟೆ ಬೀದಿಯಲ್ಲಿ ಅಂಗಡಿ, ಹಿಂದೆ ಮನೆ. ಹಣೆಯ ಮೇಲೆ ವಿಭೂತಿ, ಮೈಮೇಲೆ ಖಾದಿ, ಮಾತು ಕಡಮೆ. ಅವರ ಹೆಂಡತಿ ಪಾರ್ವತಮ್ಮನವರು ಅದಕ್ಕೆ ಸರಿಯಾಗಿ ಇಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. ಸಾಹುಕಾರರು ಸಂತೆಗೆ ಹೋದಾಗ ಗಲ್ಲಾದಲ್ಲಿ ಕೂರುತ್ತಿದ್ದವರು ಅವರೇ. ವಿದೇಶಿ ಬಟ್ಟೆ ಬಿಡಬೇಕೆಂಬ ಕೂಗು ಎದ್ದಾಗ ದಂಪತಿಗಳು ಮನೆಯ ಬಟ್ಟೆಯನ್ನೆಲ್ಲ ಬದಲಾಯಿಸಿದ್ದರು. ನಾನು ಒಂದು ಸಲ ಅಳುಕುತ್ತಲೇ ಕೇಳಿದೆ, "ಅಂಗಾರೆ ನಮ್ ಟೀನೂ ಬಿಟ್ಬುಡ್ತೀರಾ ಸಾವ್ಕಾರ್ರೇ?"

"ಸೊಪ್ಪು ನಮ್ ನೆಲದ್ದು, ಕಿತ್ತೋರು ನಮ್ ಜನ. ಅದ್ಯಾಕೆ ಬಿಡ್ಬೇಕು?" ಎಂದರು. ಪಾರ್ವತಮ್ಮ ಒಳಗಿನಿಂದಲೇ, "ನಿಮ್ ಕಂಪ್ನಿ ಟೀ ಮಾರ್ಕಂಡು ಸುಮ್ಕಿರೋಗಂಟ ನಾವೂ ಸುಮ್ಕಿರ್ತೀವಿ ಕಾಳಣ್ಣ" ಎಂದರು. ಆಗ ನಕ್ಕು ಟೀ ಪೆಟ್ಟಿಗೆ ಇಳಿಸಿದೆ. ಆ ಮಾತಿಗೆ ಒಂದು ಕರಾರಿನ ತೂಕವಿದೆ ಎಂದು ನನಗೆ ಹೊಳೆಯಲಿಲ್ಲ.

ನಲವತ್ತೆರಡರಲ್ಲಿ ಗಲಾಟೆ ಎದ್ದಿತು. ತಂತಿ ಕತ್ತರಿಸಿದರು, ಬಸ್ಸು ನಿಂತವು. ಒಂದು ದಿನ ಹೊಳೆನರಸೀಪುರದ ಸಂತೆಯಲ್ಲಿ ನಾನು ಹಂಡೆ ಒಲೆಗೆ ಏರಿಸುತ್ತಿದ್ದೆ. ತಾಲೂಕು ಕಚೇರಿಯ ಕಡೆಗೆ ಮೆರವಣಿಗೆ ಹೊರಟಿತ್ತು. ಮುಂದೆ ಬಾವುಟ ಹಿಡಿದವರು ಗುರುಸಿದ್ದಪ್ಪನವರು. ಅರ್ಧ ಗಂಟೆಯಲ್ಲಿ ಪೊಲೀಸರು ಹನ್ನೊಂದು ಜನರನ್ನು ಹಿಡಿದರು. ಹಾಸನದ ಜೈಲಿಗೆ ಸಾಗಿಸಲು ಅವರ ಹತ್ತಿರ ಗಾಡಿ ಇರಲಿಲ್ಲ. ಇನ್‌ಸ್ಪೆಕ್ಟರು ನೆಟ್ಟಗೆ ನಮ್ಮ ವ್ಯಾನಿನ ಹತ್ತಿರ ಬಂದು ಒಂದು ಚೀಟಿ ತೋರಿಸಿದರು. ಅದು ಶ್ರೀಪಾದರಾಯರ ಕೈಬರಹ. "ಸರ್ಕಾರಕ್ಕೆ ಬೇಕಾದಾಗಲೆಲ್ಲ ಕಂಪನಿಯ ವಾಹನ ಸಂತೋಷದಿಂದ ಒದಗಿಸಲಾಗುವುದು." ಬೇಡುವುದಕ್ಕೆ ಮುಂಚೆಯೇ ಬರೆದುಕೊಟ್ಟಿದ್ದ ಚೀಟಿ.

ಬಾಷಾ ಸಾಬರು ನನ್ನ ಮುಖ ನೋಡಿದರು. "ಏನ್ ಮಾಡಾದು ಗೌಡ್ರೆ?"

ಮಾಡಬಹುದಾದದ್ದು ಎಷ್ಟೋ ಇತ್ತೆಂದು ಈಗ ಹೇಳಬಲ್ಲೆ. ಆಗ ನಾನು ಹಂಡೆಯ ನೀರು ಚೆಲ್ಲಿ, ಗ್ರಾಮಫೋನು ಪಕ್ಕಕ್ಕೆ ಸರಿಸಿ, ಜಾಗ ಮಾಡಿಕೊಟ್ಟೆ. ಹನ್ನೊಂದು ಜನ ಟೀ ಪೆಟ್ಟಿಗೆಗಳ ನಡುವೆ ಕೂತರು. ಅವರಲ್ಲಿ ಆರೇಳು ಮಂದಿಗೆ ನಾನೇ ಮೊದಲ ಲೋಟ ಟೀ ಕುಡಿಸಿದ್ದೆ. ಪಾರ್ವತಮ್ಮ ಗುಂಪಿನ ಮುಂದೆ ನಿಂತಿದ್ದರು. ಅವರು ಗಂಡನನ್ನು ನೋಡುತ್ತಿರಲಿಲ್ಲ. ವ್ಯಾನಿನ ಮೇಲಿನ ಅಕ್ಷರ ಓದುತ್ತಿದ್ದರು.

ಹಾಸನದ ದಾರಿಯುದ್ದಕ್ಕೂ ಜನ ಹಾರ್ನ್ ಕೇಳಿ ಎಂದಿನಂತೆ ಲೋಟ ಹಿಡಿದು ರಸ್ತೆಗೆ ಬಂದರು. ಒಳಗಿರುವವರನ್ನು ಕಂಡು ಹಾಗೇ ನಿಂತರು. ಗುರುಸಿದ್ದಪ್ಪನವರು ಮುಂದಕ್ಕೆ ಬಾಗಿ, ಬಾಷಾ ಸಾಬರ ಪಕ್ಕದಲ್ಲಿ ಕೂತಿದ್ದ ನನ್ನ ಹೆಗಲು ಮುಟ್ಟಿ ಹೇಳಿದರು, "ನಿಮ್ ಮ್ಯಾಲೆ ನಂಗೆ ಸಿಟ್ಟಿಲ್ಲ ಗೌಡ್ರೆ. ಆದ್ರೆ ಇದನ್ನ ಇನ್ಮ್ಯಾಲೆ ಯಾರೂ ಟೀ ಗಾಡಿ ಅನ್ನಾಕಿಲ್ಲ, ನೋಡ್ತಾ ಇರಿ."

ಮುಂದಿನ ಸಂತೆಗೆ ಹೋದಾಗ ನಾನು ಎರಡು ಹಂಡೆ ಟೀ ಕಾಯಿಸಿದೆ. ಗ್ರಾಮಫೋನು ಹಾಕಿದೆ. ಒಬ್ಬರೂ ಬರಲಿಲ್ಲ. ಬೈದವರಿಲ್ಲ, ಕಲ್ಲೆಸೆದವರಿಲ್ಲ. ವ್ಯಾನು ಅಲ್ಲಿ ಇಲ್ಲವೇನೋ ಎಂಬಂತೆ ಜನ ಹಾದುಹೋದರು. ಪೇಟೆ ಬೀದಿಗೆ ಹೋದರೆ ಪಾರ್ವತಮ್ಮನವರು ನಮ್ಮ ಪೆಟ್ಟಿಗೆಗಳನ್ನೆಲ್ಲ ಜಗಲಿಯ ಮೇಲೆ ತಂದಿಟ್ಟು ಕೂತಿದ್ದರು.

"ಎತ್ಕಂಡೋಗು ಕಾಳಣ್ಣ."

"ಅಕ್ಕಾ, ಟೀ ಏನ್ ತಪ್ಪು ಮಾಡೈತೆ?"

"ಟೀ ತಪ್ಪು ಮಾಡಿಲ್ಲ. ಮನೆ ಯಜಮಾನ್ರನ್ನ ಕುರಿ ತುಂಬ್ದಂಗೆ ತುಂಬ್ಕಂಡೋದ್ಯಲ್ಲ, ಆ ಗಾಡಿ ತಪ್ಪು ಮಾಡೈತೆ. ನಿಮ್ ಕಂಪ್ನಿ ಯಾರ ಕಡೆ ಅಂತ ಆ ಗಾಡಿ ಮೈಮ್ಯಾಲೆ ಬರ್ಕಂಡೇ ಬಂತು. ಅವ್ರ ಕಡೆ ಇರೋರು ಅವ್ರಿಗೇ ಟೀ ಮಾರ್ಕಳ್ಳಿ."

ಇದು ಎರಡು ವಾರದ ಮಾತು ಎಂದುಕೊಂಡೆ. ಟೀಯನ್ನು ವಿಷ ಎಂದವರ ಬಾಯಲ್ಲೇ ಇನ್ನೊಂದು ಲೋಟ ಕೇಳಿಸಿಕೊಂಡವನು ನಾನು, ನನಗೇನು ಹೆದರಿಕೆ? ಆದರೆ ಪಾರ್ವತಮ್ಮನವರು ನನಗಿಂತ ಚೆನ್ನಾಗಿ ಸಂತೆಗಳನ್ನು ಬಲ್ಲವರು. ಬಳೆ ಮಾರುವವರು, ಎಣ್ಣೆಯವರು, ಸೊಪ್ಪಿನವರು, ಇವರೆಲ್ಲ ಒಂದು ಸಂತೆಯಿಂದ ಇನ್ನೊಂದಕ್ಕೆ ಸುದ್ದಿ ಒಯ್ದರು. ಅರಕಲಗೂಡು ನಿಂತಿತು, ಚನ್ನರಾಯಪಟ್ಟಣ ನಿಂತಿತು. ಹಾಸನದಲ್ಲಿ ಹೋಟೆಲಿನವರು ಟೀ ಬದಲು ಕೊತ್ತಂಬರಿ ಬೀಜದ ಕಷಾಯ ಕಾಯಿಸಿದರು. ಕಟ್ಟಾಯದಲ್ಲಿ ನನ್ನ ಸೋದರಮಾವ ಒಬ್ಬ ಇದ್ದ, ಟೀ ಇಲ್ಲದಿದ್ದರೆ ತಲೆ ಸಿಡಿಯುತ್ತದೆ ಎನ್ನುವವ. ಅವನಿಗೆ ಗುಟ್ಟಾಗಿ ಎರಡು ಪೊಟ್ಟಣ ಕೊಟ್ಟು ಬಂದೆ. ನಾಲ್ಕನೆಯ ದಿನ ನಡೆದುಕೊಂಡೇ ಹಾಸನಕ್ಕೆ ಬಂದು ಪೊಟ್ಟಣ ನನ್ನ ಕೈಗಿಟ್ಟ.

"ಬ್ಯಾಡ ಕಣ್ಲಾ. ತಲೆನೋವು ತಡ್ಕಂಬೋದು. ಬಾವೀತಾವ ಎಂಗಸ್ರು ನೋಡೋ ನೋಟ ತಡ್ಕಳಕ್ಕಾಗಾಕಿಲ್ಲ."

ಡಿಪೋದಿಂದ ಮದರಾಸಿನ ದೊಡ್ಡ ಕಚೇರಿಗೆ ವಾರ ವಾರ ವರದಿ ಹೋಗುತ್ತಿತ್ತು. ಮಳೆ ಹೆಚ್ಚು, ಆದ್ದರಿಂದ ವ್ಯಾಪಾರವಿಲ್ಲ. ಮಳೆ ಕಡಮೆ, ಆದ್ದರಿಂದ ವ್ಯಾಪಾರವಿಲ್ಲ. ಯುದ್ಧ, ಆದ್ದರಿಂದ ವ್ಯಾಪಾರವಿಲ್ಲ. ಬಹಿಷ್ಕಾರ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಆ ಮಾತು ಬರೆದರೆ ಚೀಟಿಯ ಸಂಗತಿಯೂ ಬರೆಯಬೇಕಾಗುತ್ತಿತ್ತು. ಅದಕ್ಕೆ ಶ್ರೀಪಾದರಾಯರು ಬೇರೊಂದು ಉಪಾಯ ಹೂಡಿದರು. ಒಂದು ದಿನ ನನ್ನ ಮುಂದೆ ಹೊಸ ಲೇಬಲುಗಳ ಕಂತೆ ಇಟ್ಟರು. ಹಸಿರು ಕಾಗದ, ನಡುವೆ ಚರಕದ ಚಿತ್ರ, ಕೆಳಗೆ "ಶುದ್ಧ ಸ್ವದೇಶಿ ಚಹ."

"ಹಳೇದರ ಮೇಲೆ ಅಂಟಿಸು. ಕೋಟು ಹಾಕಿಕೊಳ್ಳಬೇಡ, ವ್ಯಾನು ಬೇಡ, ಬಾಡಿಗೆ ಗಾಡಿಯಲ್ಲಿ ಹೋಗು. ಅರಕಲಗೂಡಿನಿಂದ ಶುರು ಮಾಡು."

ಅಂಟಿಸಿದೆ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಕೆಲಸ ಹೋದೀತೆಂಬ ಭಯವಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ನಾನು ಮಾರಿದರೆ ಜನ ಕೊಂಡೇ ಕೊಳ್ಳುತ್ತಾರೆ ಎಂಬ ಜಂಬವಿತ್ತು. ಅರಕಲಗೂಡಿನಲ್ಲಿ ಕೊಂಡರು ಕೂಡ. ತಿಂಗಳುಗಟ್ಟಲೆ ಟೀ ಕಾಣದ ಹೋಟೆಲಿನವರು, ನಾನು ಹಳೆ ಕಂಪನಿ ಬಿಟ್ಟೆನೆಂದುಕೊಂಡು, ಚರಕದ ಚಿತ್ರ ನೋಡಿ ಕಣ್ಣಿಗೊತ್ತಿಕೊಂಡರು. ಎರಡು ಸಂತೆ ಹಾಗೇ ನಡೆಯಿತು.

ಮೂರನೆಯ ಸಂತೆಯ ದಿನ ಪಾರ್ವತಮ್ಮನವರು ಎದುರಿಗೆ ಬಂದು ನಿಂತರು. ಅರಕಲಗೂಡು ಅವರ ತವರು ಎಂಬುದನ್ನು ನಾನು ಬಲ್ಲೆ. ಬಲ್ಲವನಾಗಿಯೂ ಮರೆತಿದ್ದೆ. ಅವರು ಒಂದು ಪೊಟ್ಟಣ ಎತ್ತಿಕೊಂಡು ಲೇಬಲ್ ನೋಡಿದರು. ಮೂಸಿದರು. ಆಮೇಲೆ ಮೇಲಿನ ಕಾಗದ ಹರಿದು ಒಳಗಿನ ಬೆಳ್ಳಿ ಬಣ್ಣದ ತಗಡು ಕಾಗದ ಬಿಡಿಸಿ ಬಿಸಿಲಿಗೆ ಹಿಡಿದರು. ಅದರ ತುಂಬ ಸಣ್ಣ ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರು ಒತ್ತಿತ್ತು. ಹೊರಗಿನದನ್ನು ಬದಲಾಯಿಸಿದ ನಮಗೆ ಒಳಗಿನದು ನೆನಪಿಗೇ ಬಂದಿರಲಿಲ್ಲ. ಆರೇಳು ವರ್ಷ ಆ ಪೊಟ್ಟಣ ಮಾರಿದಾಕೆಗೆ ನೆನಪಿತ್ತು.

"ಅಂಗಿ ಬದ್ಲಾಯ್ಸುದ್ರೆ ಆಳು ಬದ್ಲಾಯ್ತಾನಾ ಕಾಳಣ್ಣ?"

ಹೋಟೆಲಿನವರೆಲ್ಲ ಸುತ್ತ ಸೇರಿದರು. ಒಬ್ಬ ನನ್ನ ಕೊರಳಪಟ್ಟಿಗೆ ಕೈ ಹಾಕಿದ. ಪಾರ್ವತಮ್ಮ ಅವನನ್ನು ಗದರಿದರು, "ಮುಟ್ಬ್ಯಾಡ! ವೊಡ್ದ್ರೆ ನಾಳೆ ಅದೇ ಗಾಡಿ ನಿಮ್ಮನ್ನ ತುಂಬ್ಕಂಡೋಗಕ್ಕೆ ಬತ್ತದೆ. ಅವನೇ ಏಳ್ಲಿ, ಬಾಯಿ ಐತಲ್ಲ."

ನಾನು ಹೇಳಿದೆ. ಅದು ಅದೇ ಕಂಪನಿಯ ಟೀ, ಅಂಟಿಸಿದವನು ನಾನು, ಎಂದು ಸಂತೆಯ ನಡುವೆ ನಿಂತು ಹೇಳಿದೆ. ಕೊಂಡವರಿಗೆಲ್ಲ ದುಡ್ಡು ವಾಪಸ್ಸು ಕೊಟ್ಟೆ. ಜನ ಚದುರಿದ ಮೇಲೆ ಪಾರ್ವತಮ್ಮನವರ ಕಾಲು ಮುಟ್ಟಲು ಹೋದೆ, ಅವರು ಹಿಂದೆ ಸರಿದರು. "ನಂಗ್ಯಾಕೆ? ನಿನ್ ಕೆಲ್ಸುಕ್ಕೆ ನೀನು ದ್ರೋಹ ಮಾಡ್ಕಂಡಿದ್ದೀಯ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಹಾಸನಕ್ಕೆ ಬಂದು ಉಳಿದ ಲೇಬಲುಗಳನ್ನು ಡಿಪೋದ ಒಲೆಗೆ ಹಾಕಿ ಶ್ರೀಪಾದರಾಯರಿಗೆ ವಿಷಯ ತಿಳಿಸಿದೆ. "ನಿನ್ನನ್ನು ಮನೆಗೆ ಕಳಿಸುತ್ತೇನೆ" ಎಂದರು. "ಕಳ್ಸಿ ಸಾ. ಓಗೋಕ್ಮುಂಚೆ ದೊಡ್ ಕಚೇರಿಗೆ ಒಂದು ಕಾಗ್ದ ನಾನೂ ಬರೀತೀನಿ" ಎಂದೆ. ಅವರು ಕಳಿಸಲಿಲ್ಲ. ಕಾಗದವನ್ನು ನಾನು ಬರೆದೆ, ಕನ್ನಡದಲ್ಲೇ ಬರೆದೆ.

ಅದು ತಲುಪಿಯೋ, ಡಿಪೋದಲ್ಲಿ ಟೀ ಮುಗ್ಗಲಾಗುತ್ತಿದ್ದುದನ್ನು ತಿಳಿದೋ, ಮದರಾಸಿನಿಂದ ದೊರೆಯೊಬ್ಬ ಬಂದ. ಕೆಂಪು ಮುಖ, ಎತ್ತರದ ಆಳು, ಬೆವರು ಒರೆಸಿ ಒರೆಸಿ ಕರವಸ್ತ್ರ ಒದ್ದೆ. ವ್ಯಾಪಾರ ಯಾಕೆ ನಿಂತಿತು ಎಂದು ನನ್ನನ್ನೇ ಕೇಳಿದ. ನಾನು ಕನ್ನಡದಲ್ಲಿ ಎಲ್ಲ ಹೇಳಿದೆ. ಶ್ರೀಪಾದರಾಯರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ನಾನು ಆಡಿದ್ದು ಅಷ್ಟುದ್ದ, ಅವರು ಆಡಿದ್ದು ಇಷ್ಟೇ ಇಷ್ಟು. ಅದರಲ್ಲಿ ಮಳೆ ಎಂಬ ಮಾತು ಇದ್ದುದು ನನಗೂ ತಿಳಿಯಿತು. ಆಗ ನಾನು ಎದ್ದುನಿಂತು ನನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹೇಳಿದೆ:

"ನೋ ರೈನ್ ಸಾರ್. ಟೀ ಗುಡ್. ವ್ಯಾನ್ ಬ್ಯಾಡ್. ವ್ಯಾನ್ ಟುಕ್ ಪೀಪಲ್ ಜೈಲ್. ಪೀಪಲ್ ನೋ ಟೇಕ್ ಟೀ."

ದೊರೆ ನನ್ನನ್ನೇ ದಿಟ್ಟಿಸಿದ. ಆಮೇಲೆ ಶ್ರೀಪಾದರಾಯರ ಕಡೆ ತಿರುಗಿ ಏನೋ ಕೇಳಿದ. ರಾಯರ ಮುಖ ಸುಣ್ಣವಾಯಿತು. ವ್ಯಾನು ಪೊಲೀಸರಿಗೆ ಕೊಟ್ಟ ಸಂಗತಿಯೇ ಮದರಾಸಿಗೆ ಗೊತ್ತಿರಲಿಲ್ಲವಂತೆ; ನನ್ನ ಕನ್ನಡದ ಕಾಗದ ಓದುವವರು ಅಲ್ಲಿ ಇರಲಿಲ್ಲವೋ ಏನೋ. ಗೊತ್ತಿದ್ದರೆ ಬೇಡ ಎನ್ನುತ್ತಿದ್ದರೆಂದು ನಾನು ಹೇಳಲಾರೆ. ಅವರ ಚಿಂತೆ ಮುಗ್ಗಲು ಟೀಯದು.

ಮಾರನೆಯ ಬೆಳಿಗ್ಗೆ ದೊರೆಯನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದೆ. ಗುರುಸಿದ್ದಪ್ಪನವರು ಜೈಲಿನಿಂದ ಬಂದು ಇಪ್ಪತ್ತು ದಿನವಾಗಿತ್ತು, ಇಳಿದುಹೋಗಿದ್ದರು, ಕೆಮ್ಮು ಹತ್ತಿತ್ತು. ದೊರೆ ಜಗಲಿಯ ಮೇಲೆ ಕೂತ. ಏನು ಮಾಡಿದರೆ ಮತ್ತೆ ಟೀ ಇಡುತ್ತೀರಿ ಎಂದು, ಜೊತೆಗೆ ಬಂದಿದ್ದ ರಾಯರಿಂದ ಕೇಳಿಸಿದ. ಸಾಹುಕಾರರು ಹೆಂಡತಿಯ ಕಡೆ ನೋಡಿದರು. ನಿಲ್ಲಿಸಿದವರು ಅವರಲ್ಲವೆ?

ಪಾರ್ವತಮ್ಮ ಹೇಳಿದರು, "ಮೂರು ಮಾತು. ಗಾಡಿ ಕೊಟ್ಟದ್ದು ತಪ್ಪು. ಇನ್ನು ಕೊಡಾಕಿಲ್ಲ. ಲೇಬಲ್ ಅಂಟ್ಸಿದ್ದೂ ತಪ್ಪು. ಇದನ್ನ ಸಂತೇಲಿ, ಅದೇ ಗಾಡಿ ಮ್ಯಾಲೆ ನಿಂತ್ಕಂಡು, ಎಲ್ರಿಗೂ ಕೇಳಂಗೆ ಏಳ್ಬೇಕು. ನಂಗೆ ಕಾಗ್ದ ಬ್ಯಾಡ."

ದೊರೆ ಒಪ್ಪಲಿಲ್ಲ. ಸರ್ಕಾರ ಏನೆಂದುಕೊಂಡೀತು ಎಂಬ ಭಯ. ಎದ್ದು ಕಾರಿನವರೆಗೂ ಹೋದ. ನಾನು ಹಿಂದೆಯೇ ಓಡಿ, "ಸಾರ್, ಗೋಡೌನ್ ಸೀ. ದೆನ್ ಥಿಂಕ್" ಎಂದೆ. ಹಾಸನಕ್ಕೆ ಹಿಂತಿರುಗಿ ಗೋಡೌನ್ ಬಾಗಿಲು ತೆರೆಸಿ ತೋರಿಸಿದೆ. ಪೆಟ್ಟಿಗೆಗಳು ಮಾಡಿನವರೆಗೆ ನಿಂತಿದ್ದವು, ಮುಗ್ಗಲು ವಾಸನೆಗೆ ಮೂಗು ಮುಚ್ಚಿಕೊಂಡ. ಸಂಜೆಯ ಹೊತ್ತಿಗೆ ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಟ್ಟ. ಪೊಲೀಸ್ ಎಂಬ ಶಬ್ದ ಬಿಟ್ಟಿದ್ದ. ಉಳಿದದ್ದು ಎಲ್ಲ ಇತ್ತು.

ಸಂತೆಯ ದಿನ ಶ್ರೀಪಾದರಾಯರು ತಮಗೆ ಗಂಟಲು ಸರಿಯಿಲ್ಲ ಎಂದರು. ವ್ಯಾನಿನ ಮೇಲೆ ಹತ್ತಿದವನು ನಾನು. ಬಾಷಾ ಸಾಬರು ಹಾರ್ನ್ ಹೊಡೆದರು. ಜನ ಬಂದು ನಿಂತರು, ದೂರದಲ್ಲೇ. ದೊರೆಯ ನಾಲ್ಕು ಸಾಲನ್ನು ಕನ್ನಡದಲ್ಲಿ ಓದಿದೆ. ಅವನು ಬಿಟ್ಟ ಶಬ್ದವನ್ನು ನಾನು ಸೇರಿಸಿದೆ. ಕೊನೆಗೆ ಕಾಗದ ಮಡಿಸಿ, "ಲೇಬಲ್ ಅಂಟ್ಸಿದ್ದು ಈ ಕೈ. ಆ ತಪ್ಪು ಕಂಪ್ನೀದಷ್ಟೇ ಅಲ್ಲ, ನಂದೂವೆ" ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕಣ್ಣೂ ಪಾರ್ವತಮ್ಮನವರ ಮೇಲೆ. ನಾನು ಕೆಳಗಿಳಿದು ಮೊದಲ ಲೋಟ ಬಗ್ಗಿಸಿ ಅವರ ಮುಂದೆ ಹಿಡಿದೆ.

ಅವರು ಕೈ ಚಾಚಲಿಲ್ಲ. "ನಾನು ಟೀ ಕುಡಿಯೋಳಲ್ಲ ಕಣಣ್ಣ."

"ಇನ್ನೂ ಸಿಟ್ಟೈತಾ ಅಕ್ಕ?"

"ಸಿಟ್ಟಲ್ಲ ಕಣಪ್ಪ. ಯಾವತ್ತೂ ಕುಡ್ದೋಳಲ್ಲ. ಆ ವಾಸ್ನೆನೇ ನಂಗೆ ಸೇರಾಕಿಲ್ಲ."

ನಾಲ್ಕು ತಾಲೂಕಿನಲ್ಲಿ ವರ್ಷಕ್ಕೂ ಮೇಲೆ ಟೀ ನಿಲ್ಲಿಸಿದ ಹೆಂಗಸು! ನನಗೆ ತಡೆಯಲಾಗಲಿಲ್ಲ. "ಅಂಗಾರೆ ನೀವು ಬಿಟ್ಟಿದ್ದೇನಕ್ಕಾ ಮತ್ತೆ?"

"ಯಾಪಾರ ಬಿಟ್ಟಿದ್ನಲ್ಲ, ಅದು ಸಾಲ್ದಾ?" ಎಂದು ಲೋಟವನ್ನು ತಮ್ಮ ಯಜಮಾನರ ಕಡೆ ತಳ್ಳಿದರು. ಗುರುಸಿದ್ದಪ್ಪನವರು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಸಂತೆ ಪೂರ್ತಿ ಅವರ ಬಾಯನ್ನೇ ನೋಡುತ್ತಿತ್ತು. ಅವರು ಮುಖ ಕಿವುಚಿ, "ಬೆಲ್ಲ ಕಮ್ಮಿ ಗೌಡ್ರೆ" ಎಂದರು.

ಹಿಂದಿನಿಂದ ಇನ್ನೊಬ್ಬ, "ನಂಗೆ ಹೆಚ್ಚಾಗೇ ಆಕಿ" ಎಂದ. ಮತ್ತೊಬ್ಬಳು, "ಆಲು ಜಾಸ್ತಿ ಉಯ್ಯಿ" ಎಂದಳು. ದೂರಿನ ಮೇಲೆ ದೂರು ಬರತೊಡಗಿತು. ನಾನು ಕೋಟು ಬಿಚ್ಚಿ ವ್ಯಾನಿನ ಮೇಲೆಸೆದು ಎರಡನೆಯ ಹಂಡೆಗೆ ನೀರು ಸುರಿದೆ.